ಟೆಂಡರ್ ತಕರಾರಿನ ಖರ್ಚು: ತಪ್ಪು ಇಲಾಖೆಯದು, ವಕೀಲರ ಬಿಲ್ ನಮ್ಮದೇ?

ಪೊಟೋಮ್ಯಾಕ್ ದಂಡೆ

ಎಲ್ಲರಿಗೂ ನಮಸ್ಕಾರ. ವರ್ಜೀನಿಯಾದಲ್ಲಿ ನಾನು, ನನ್ನ ಭಾವ ಸೇರಿ ಸಣ್ಣದೊಂದು ಐಟಿ ಕಂಪನಿ ನಡೆಸುತ್ತಿದ್ದೇವೆ. ಇಲ್ಲಿನ ಲೆಕ್ಕದಲ್ಲಿ ‘ಸ್ಮಾಲ್ ಬಿಸಿನೆಸ್’. ಫೆಡರಲ್ ಇಲಾಖೆಯೊಂದರ ಹೆಲ್ಪ್‌ಡೆಸ್ಕ್ ಕಾಂಟ್ರಾಕ್ಟ್‌ಗೆ ಪ್ರಪೋಸಲ್ ಹಾಕಿದ್ದೆವು, ಅದು ಬೇರೆಯವರಿಗೆ ಹೋಯಿತು. ಸೋತದ್ದಕ್ಕೆ ಬೇಸರವಿರಲಿಲ್ಲ, ಈ ಧಂದೆಯಲ್ಲಿ ಅದು ಇದ್ದದ್ದೇ. ಆದರೆ ಡಿಬ್ರೀಫಿಂಗ್‌ನಲ್ಲಿ (ಯಾಕೆ ಸೋತಿರಿ ಎಂದು ಇಲಾಖೆ ವಿವರಿಸುವ ಸಭೆ) ಕೂತು ಕೇಳಿದಾಗ, ಟೆಂಡರ್ ದಾಖಲೆಯಲ್ಲಿ ಎಲ್ಲೂ ಹೇಳಿರದ ಒಂದು ಮಾನದಂಡ ಇಟ್ಟುಕೊಂಡು ನಮ್ಮ ಅಂಕ ಇಳಿಸಿದ್ದಾರೆ ಎಂದು ಗೊತ್ತಾಯಿತು.

ವಕೀಲರನ್ನು ಹಿಡಿದು ಜಿಎಒಗೆ (ಅಮೆರಿಕ ಸಂಸತ್ತಿನ ಲೆಕ್ಕ ತಪಾಸಣಾ ಕಚೇರಿ, ಟೆಂಡರ್ ತಕರಾರುಗಳನ್ನೂ ಕೇಳುತ್ತದೆ) ಬಿಡ್ ಪ್ರೊಟೆಸ್ಟ್, ಅಂದರೆ ಟೆಂಡರ್ ತಕರಾರು ಹಾಕಿದೆವು. ಇಲಾಖೆ ‘ನಾವು ಮಾಡಿದ್ದೆಲ್ಲ ಸರಿ’ ಎಂದು ದಪ್ಪನೆಯ ವರದಿ ಸಲ್ಲಿಸಿತು. ನಾವು ಅದಕ್ಕೆ ಉತ್ತರ ಬರೆದೆವು. ಆಮೇಲೆ ಜಿಎಒ ವಕೀಲರು ಎರಡೂ ಕಡೆಯವರನ್ನು ಫೋನಿನಲ್ಲಿ ಕೂರಿಸಿ, ತೀರ್ಪು ಬರೆಯಬೇಕಾಗಿ ಬಂದರೆ ಇಲಾಖೆಯೇ ಸೋಲುವ ಸಾಧ್ಯತೆ ಹೆಚ್ಚು ಎಂದು ಹೇಳಿದರು. ಮರುವಾರವೇ ಇಲಾಖೆ, ‘ಪ್ರಪೋಸಲ್‌ಗಳನ್ನು ಹೊಸದಾಗಿ ಮೌಲ್ಯಮಾಪನ ಮಾಡುತ್ತೇವೆ’ ಎಂದು ಪತ್ರ ಕೊಟ್ಟಿತು. ತೀರ್ಮಾನಿಸುವುದು ಏನೂ ಉಳಿದಿಲ್ಲವೆಂದು ಜಿಎಒ ಕಡತ ಮುಚ್ಚಿತು.

ಈಗ ಕೈಯಲ್ಲಿರುವುದು ವಕೀಲರ ಬಿಲ್. ಆರಂಕಿ ಮುಟ್ಟಿದೆ. ಮರುಮೌಲ್ಯಮಾಪನದಲ್ಲಿ ಕಾಂಟ್ರಾಕ್ಟ್ ನಮಗೇ ಸಿಗುತ್ತದೆಂಬ ಖಾತ್ರಿ ಇಲ್ಲ. ಈ ಖರ್ಚನ್ನು ಇಲಾಖೆಯಿಂದ ವಸೂಲಿ ಮಾಡಬಹುದಂತೆ, ಹೌದಾ? ತೀರ್ಪೇ ಬರೆಯದೆ ಮುಚ್ಚಿದ ಕಡತದಲ್ಲೂ ಆಗುತ್ತದಾ? ಭಾವ ‘ಬಂದಿದ್ದೇ ಲಾಭ, ಸುಮ್ಮನಿರು’ ಅನ್ನುತ್ತಾನೆ. ನನಗೆ ಮನಸ್ಸು ಒಪ್ಪುತ್ತಿಲ್ಲ.

ಬಾಲ್ಟಿಮೋರ್ ಅಕ್ಕ

ತಮ್ಮ, ಮೊದಲು ಕ್ಯಾಲೆಂಡರ್ ನೋಡು, ಉಳಿದದ್ದೆಲ್ಲ ಆಮೇಲೆ. ಇಲಾಖೆ ತಾನೇ ಸರಿಪಡಿಸಿಕೊಳ್ಳುತ್ತೇನೆಂದು ಹೇಳಿ ಕಡತ ಮುಚ್ಚಿದ ಪ್ರಕರಣಗಳಲ್ಲಿ, ಖರ್ಚು ಕೊಡಿಸಿ ಎಂಬ ಕೋರಿಕೆಯನ್ನು ಜಿಎಒಗೆ 15 ದಿನದೊಳಗೆ ಹಾಕಬೇಕು. ಕಡತ ಮುಚ್ಚಿದ ವಿಷಯ ನಿನಗೆ ತಿಳಿದ, ಅಥವಾ ತಿಳಿದಿರಬೇಕಾಗಿದ್ದ ದಿನದಿಂದ ಎಣಿಕೆ. ಶನಿವಾರ, ಭಾನುವಾರ ಎಲ್ಲ ಲೆಕ್ಕಕ್ಕೆ ಬರುತ್ತವೆ. ಕೊನೇ ದಿನ ರಜೆಯ ಮೇಲೆ ಬಿದ್ದರೆ ಮಾತ್ರ ಮುಂದಿನ ಕೆಲಸದ ದಿನಕ್ಕೆ ಹೋಗುತ್ತದೆ. ಈ ಗಡುವು ದಾಟಿದರೆ ನಿನ್ನ ವಾದ ಎಷ್ಟೇ ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ. ಇವತ್ತೇ ವಕೀಲರಿಗೆ ಫೋನ್ ಮಾಡು.

ಈಗ ನಿನ್ನ ಪ್ರಶ್ನೆ. ಹೌದು, ತೀರ್ಪು ಬರೆಯದೆ ಮುಚ್ಚಿದ ಕಡತದಲ್ಲೂ ಖರ್ಚು ಸಿಗಬಹುದು. ಆದರೆ ಎರಡು ಸಂಗತಿ ತೋರಿಸಬೇಕು. ನಿನ್ನ ತಕರಾರಿನಲ್ಲಿ ಸ್ಪಷ್ಟವಾಗಿ ಹುರುಳಿತ್ತು ಎಂಬುದು ಒಂದು. ಇಲಾಖೆ ಸರಿಪಡಿಸಲು ಅನಗತ್ಯವಾಗಿ ತಡ ಮಾಡಿತು ಎಂಬುದು ಇನ್ನೊಂದು. ಎರಡೂ ಬೇಕು, ಒಂದಿದ್ದರೆ ಸಾಲದು.

ತಡ ಅಂದರೆ ಎಷ್ಟು ತಡ? ಇಲ್ಲಿ ಜಿಎಒ ಹಿಡಿದಿರುವ ಗೆರೆ ಸರಳವಾಗಿದೆ. ತಕರಾರಿನ ಸುದ್ದಿ ಮುಟ್ಟಿದ 30 ದಿನದೊಳಗೆ ಇಲಾಖೆ ವರದಿ ಕೊಡಬೇಕು. ಆ ಗಡುವಿನೊಳಗೆ ‘ತಪ್ಪಾಯಿತು, ಸರಿಪಡಿಸುತ್ತೇವೆ’ ಎಂದರೆ ಸಾಮಾನ್ಯವಾಗಿ ಅದು ಸಕಾಲ, ನಿನಗೆ ಒಂದು ಡಾಲರೂ ಇಲ್ಲ. ವರದಿ ಬರೆದು, ತನ್ನನ್ನು ಸಮರ್ಥಿಸಿಕೊಂಡು, ನಿನ್ನಿಂದ ಉತ್ತರ ಬರೆಸಿ, ಆಮೇಲೆ ಕೈಚೆಲ್ಲಿದರೆ ಅದು ತಡ. ನಿನ್ನ ಇಲಾಖೆ ಮಾಡಿದ್ದು ಎರಡನೆಯದನ್ನು.

ಹುರುಳಿನ ಪ್ರಶ್ನೆ ಸ್ವಲ್ಪ ಕಷ್ಟದ್ದು. ಇಲಾಖೆಯವರು ತಕರಾರು ಓದಿ, ತಮ್ಮದೇ ಕಡತ ತೆಗೆದು ಪ್ರಾಮಾಣಿಕವಾಗಿ ನೋಡಿದ್ದರೆ ‘ನಮಗೆ ನಿಲ್ಲಲು ಕಾನೂನಿನ ಆಧಾರವಿಲ್ಲ’ ಎಂದು ಗೊತ್ತಾಗುತ್ತಿತ್ತೇ ಎಂಬುದನ್ನು ಜಿಎಒ ಕೇಳುತ್ತದೆ. ಎರಡೂ ಕಡೆ ವಾದಿಸಬಹುದಾದ ವಿಷಯವಾಗಿದ್ದರೆ ಖರ್ಚು ಸಿಗುವುದಿಲ್ಲ. ಆದರೆ ನಿನಗೆ ಆ ಫೋನ್ ಕರೆ ಇದೆಯಲ್ಲ, ‘ಔಟ್‌ಕಮ್ ಪ್ರಿಡಿಕ್ಷನ್’ ಅನ್ನುತ್ತಾರೆ ಅದಕ್ಕೆ. ಜಿಎಒ ವಕೀಲರೇ ‘ಇಲಾಖೆ ಸೋಲುತ್ತದೆ’ ಎಂದಿದ್ದರೆ ಹುರುಳಿತ್ತು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸುಳಿವು ಬೇಕಿಲ್ಲ. ಟೆಂಡರ್‌ನಲ್ಲಿ ಹೇಳದ ಮಾನದಂಡದ ಮೇಲೆ ಅಂಕ ಕಳೆಯುವುದು ಕೂಡ ಇಲ್ಲಿ ಯಾವತ್ತಿಗೂ ಒಪ್ಪದ ಕೆಲಸ.

ನಿನ್ನ ಭಾವನಿಗೆ ಇದನ್ನು ಓದಿ ಹೇಳು. ಇದು ದಯೆಯಲ್ಲ. 1984ರ ಕಾಂಪಿಟಿಷನ್ ಇನ್ ಕಾಂಟ್ರಾಕ್ಟಿಂಗ್ ಆ್ಯಕ್ಟ್ ಇದನ್ನು ಬರೆದಿಟ್ಟಿರುವುದೇ ನಿಮ್ಮಂಥ ಸಣ್ಣವರು ಬಿಲ್‌ಗೆ ಹೆದರಿ ಬಾಯಿ ಮುಚ್ಚಿಕೊಳ್ಳಬಾರದು ಎಂದು.

ಹಿಂದೆ ಆ ಕಡೆ ಕೂತಿದ್ದವ

ಇಲಾಖೆಯ ಪರವಾಗಿ ಕಾಂಟ್ರಾಕ್ಟ್ ಕೊಡುವ ಕಾಂಟ್ರಾಕ್ಟಿಂಗ್ ಆಫೀಸರ್ ಆಗಿ ಬಹಳ ವರ್ಷ ಕೆಲಸ ಮಾಡಿದವನು ನಾನು, ಆದ್ದರಿಂದ ಆ ಕಡೆಯ ಮಾತನ್ನೂ ಹೇಳುತ್ತೇನೆ.

ಅಕ್ಕ ಹೇಳಿದ ನಿಯಮ ಸರಿಯಾಗಿದೆ. ಆದರೆ ತಡವಾಗಿ ತಪ್ಪೊಪ್ಪಿಕೊಂಡ ಇಲಾಖೆಗಳೆಲ್ಲ ದುರುದ್ದೇಶದಿಂದ ಹಾಗೆ ಮಾಡುತ್ತವೆ ಎಂದುಕೊಳ್ಳಬೇಡಿ. 30 ದಿನ ಕೇಳಲು ದೊಡ್ಡದು. ಅಷ್ಟರಲ್ಲಿ ಮೌಲ್ಯಮಾಪಕರನ್ನು ಹುಡುಕಬೇಕು (ಅವರು ಆಗಲೇ ಬೇರೆ ಪ್ರಾಜೆಕ್ಟ್‌ಗೆ ಹೋಗಿರುತ್ತಾರೆ), ಕಡತ ಕಲೆಹಾಕಬೇಕು, ನಮ್ಮ ಕಾನೂನು ವಿಭಾಗದವರಿಗೆ ತಾಂತ್ರಿಕ ವಿಷಯ ಅರ್ಥ ಮಾಡಿಸಬೇಕು. ಎಷ್ಟೋ ಸಲ ತಪ್ಪು ಕಣ್ಣಿಗೆ ಬೀಳುವುದೇ ವರದಿ ಬರೆಯುವಾಗ. ಅದರ ಜೊತೆಗೆ, ತಕರಾರು ಬಂದೊಡನೆ ಕಾಂಟ್ರಾಕ್ಟ್ ಕೆಲಸ ನಿಲ್ಲುತ್ತದೆ. ಗೆದ್ದ ಕಂಪನಿ, ಕೆಲಸ ಬೇಕಾದ ಇಲಾಖೆಯ ಜನ, ಎಲ್ಲರೂ ಆಫೀಸರ್ ತಲೆಯ ಮೇಲೆ ಕೂತಿರುತ್ತಾರೆ.

ಇಷ್ಟಾದರೂ ಖರ್ಚಿನ ನಿಯಮ ಒಳ್ಳೆಯದೇ ಎಂದು ನಾನು ನಂಬಿದ್ದೇನೆ. ಅದು ನಮ್ಮ ಆಫೀಸಿನಲ್ಲಿ ನಿಜವಾಗಿ ಕೆಲಸ ಮಾಡುತ್ತಿತ್ತು. ‘ವರದಿ ಕೊಡುವ ದಿನಕ್ಕಿಂತ ಮುಂಚೆ ನಿರ್ಧಾರ ಮಾಡಿ, ಇಲ್ಲದಿದ್ದರೆ ಅವರ ವಕೀಲರ ಫೀ ನಮ್ಮ ಬಜೆಟ್‌ನಿಂದ ಹೋಗುತ್ತದೆ’ ಎಂದು ಕಾನೂನು ವಿಭಾಗದವರು ಹೇಳಿದ ಮೇಲೆಯೇ ಮೇಲಧಿಕಾರಿಗಳು ಕಡತ ತೆರೆದು ಓದುತ್ತಿದ್ದದ್ದು. ಆ ದಿನಾಂಕ ಇಲ್ಲದಿದ್ದರೆ ನೂರನೇ ದಿನದವರೆಗೂ ಎಳೆಯುತ್ತಿದ್ದೆವು. ಜಿಎಒ ತೀರ್ಪಿಗಿರುವ ಮಿತಿ 100 ದಿನ.

ಅಂದಹಾಗೆ, ಜಿಎಒ ಮಾಡುವುದು ಶಿಫಾರಸು ಮಾತ್ರ, ಆದೇಶ ಅಲ್ಲ. 1984ರ ಮೂಲ ಕಾಯ್ದೆಯಲ್ಲಿ ಖರ್ಚಿಗೆ ಅರ್ಹರೆಂದು ಘೋಷಿಸುವ ಅಧಿಕಾರವೇ ಇತ್ತು. ಜಿಎಒ ಸಂಸತ್ತಿನ ಅಂಗ, ಇಲಾಖೆಗಳು ಅಧ್ಯಕ್ಷರ ಕೈಕೆಳಗೆ, ಹಾಗಾಗಿ ಒಬ್ಬರು ಇನ್ನೊಬ್ಬರಿಗೆ ದುಡ್ಡು ಕೊಡು ಎಂದು ಹೇಳಬಹುದೇ ಎಂಬ ವಾದ ಶುರುವಿನಿಂದಲೂ ಇತ್ತು. 1994ರ ತಿದ್ದುಪಡಿಯಲ್ಲಿ ಅದು ‘ಶಿಫಾರಸು’ ಆಯಿತು. ಕೊಡದ ಇಲಾಖೆ ಕಾರಣವನ್ನು ಬರೆದು ಜಿಎಒಗೆ ತಿಳಿಸಬೇಕು. ಹಾಗೆ ಬರೆಯಲು ಯಾವ ಇಲಾಖೆಯ ಮುಖ್ಯಸ್ಥರೂ ಇಷ್ಟಪಡುವುದಿಲ್ಲ, ಕೊಟ್ಟುಬಿಡುತ್ತಾರೆ.

ತುಂಗಭದ್ರಾ ಕಡೆಯಾಂವ

ಅಣ್ಣಾರ, ಅಕ್ಕಾರ, ನಾನು ರಸ್ತೆ, ಸೇತುವೆ ಕೆಲಸದ ಗುತ್ತಿಗೆದಾರ. ಇದನ್ನ ಓದಿ ಮತ್ತ ಮ್ಯಾಲಿಂದ ಓದಿದೆ. ಸರ್ಕಾರ ತಪ್ಪು ಮಾಡಿದ್ರ ವಕೀಲರ ಫೀ ಸರ್ಕಾರನ ಕೊಡತೈತಿ ಅಂದ್ರ ನಮ್ಮ ಕಡೆ ಯಾರೂ ನಂಬಂಗಿಲ್ರಿ.

ನಮ್ಮಲ್ಲಿ ಟೆಕ್ನಿಕಲ್ ಬಿಡ್‌ನಾಗ ಒಂದು ಸರ್ಟಿಫಿಕೇಟ್ ಸರಿ ಇಲ್ಲ ಅಂತ ತೆಗೆದು ಹಾಕ್ತಾರ. ಅದ ಸರ್ಟಿಫಿಕೇಟ್ ಇನ್ನೊಬ್ಬಂದು ನಡೀತೈತಿ. ಅಪೀಲು ಹಾಕಬೇಕು, ಹೈಕೋರ್ಟಿಗೆ ಧಾರವಾಡಕ್ಕೋ ಬೆಂಗಳೂರಿಗೋ ಹೋಗಬೇಕು, ವಕೀಲರಿಗೆ ಕೊಡಬೇಕು. ಅಷ್ಟರಾಗ ಇನ್ನೊಬ್ಬ ವರ್ಕ್ ಆರ್ಡರ್ ತಗೊಂಡು ಜಲ್ಲಿ ಹಾಸಿರ್ತಾನ. ಗೆದ್ರೂ ಏನು ಸಿಗತೈತಿ? ಇಎಂಡಿ, ಅಂದ್ರ ಟೆಂಡರ್ ಠೇವಣಿ, ವಾಪಸ್ ಬಂದ್ರ ಪುಣ್ಯ.

ನನ್ನ ಪ್ರಶ್ನೆ ಒಂದ. ಪ್ರಪೋಸಲ್ ತಯಾರು ಮಾಡಿದ ಖರ್ಚೂ ಅಲ್ಲಿ ಕೊಡ್ತಾರೇನು? ನಮ್ಮಲ್ಲಿ ದೊಡ್ಡ ಟೆಂಡರ್‌ಗೆ ಬ್ಯಾಂಕ್ ಗ್ಯಾರಂಟಿ ಕಮಿಷನ್, ಸೈಟ್ ಸರ್ವೆ, ಕನ್ಸಲ್ಟಂಟ್ ಅಂತ ಸಾಕಷ್ಟು ಹೋಗತೈತಿ.

ಬಾಲ್ಟಿಮೋರ್ ಅಕ್ಕ

ಅಣ್ಣ, ಪ್ರಪೋಸಲ್ ಖರ್ಚಿಗೆ ಬೇರೆ ಬಾಗಿಲು. ತಕರಾರು ನಡೆಸಿದ ಖರ್ಚು ಬೇರೆ, ಪ್ರಪೋಸಲ್ ಬರೆದ ಖರ್ಚು ಬೇರೆ. ಮರುಮೌಲ್ಯಮಾಪನ ಸಾಧ್ಯವಿದ್ದಾಗ ಪ್ರಪೋಸಲ್ ಖರ್ಚು ಕೊಡುವುದಿಲ್ಲ, ಏಕೆಂದರೆ ಅದೇ ಪ್ರಪೋಸಲ್‌ಗೆ ಇನ್ನೊಂದು ಅವಕಾಶ ಸಿಕ್ಕಿತಲ್ಲ. ನೀವು ಹೇಳಿದ ಹಾಗೆ ಜಲ್ಲಿ ಹಾಸಿ ಮುಗಿದಿದ್ದರೆ, ಅಂದರೆ ಹಿಂದಕ್ಕೆ ಹೋಗಲು ದಾರಿಯೇ ಇಲ್ಲದಿದ್ದರೆ, ಆಗ ಅದನ್ನೂ ಕೊಡಿ ಎಂದು ಜಿಎಒ ಹೇಳುವುದುಂಟು. ಕಾಂಟ್ರಾಕ್ಟ್ ಸಿಕ್ಕಿದ್ದರೆ ಬರುತ್ತಿದ್ದ ಲಾಭ ಮಾತ್ರ ಯಾವ ಕಾಲಕ್ಕೂ ಸಿಗುವುದಿಲ್ಲ.

ಜಲ್ಲಿ ಹಾಸುವ ಮೊದಲೇ ಕೆಲಸ ನಿಲ್ಲುವುದು ಇಲ್ಲಿನ ನಿಜವಾದ ಬಲ. ಕಾಂಟ್ರಾಕ್ಟ್ ಅವಾರ್ಡ್ ಆದ 10 ದಿನದೊಳಗೆ, ಅಥವಾ ಕಡ್ಡಾಯ ಡಿಬ್ರೀಫಿಂಗ್‌ಗೆ ಕೊಟ್ಟ ದಿನಾಂಕದಿಂದ 5 ದಿನದೊಳಗೆ ತಕರಾರಿನ ಸುದ್ದಿ ಜಿಎಒದಿಂದ ಇಲಾಖೆಗೆ ಮುಟ್ಟಿದರೆ ಕಾಂಟ್ರಾಕ್ಟ್ ತಾನಾಗಿಯೇ ತಡೆಯಲ್ಲಿ ನಿಲ್ಲುತ್ತದೆ. ಕೋರ್ಟಿಗೆ ಹೋಗಿ ಸ್ಟೇ ಬೇಡಬೇಕಿಲ್ಲ. ತುರ್ತು ಕಾರಣ ಬರೆದು ಇಲಾಖೆ ಅದನ್ನು ಮೀರಬಹುದು, ಆದರೆ ದಾಖಲೆಯಲ್ಲಿ ಕಾರಣ ಇರಲೇಬೇಕು.

ವಕೀಲೆ, ಬೆಂಗಳೂರು

ತುಂಗಭದ್ರಾ ಕಡೆಯವರು ಹೇಳಿದ್ದು ನನ್ನ ಕಡತಗಳಲ್ಲೂ ದಿನಾ ಕಾಣುವ ಸಂಗತಿ. ಕರ್ನಾಟಕದ ಸ್ಥಿತಿ ಏನೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಹೋಲಿಸಿ ನೋಡಲು ಅನುಕೂಲವಾಗಲಿ.

ನಮಗೆ ಸರ್ಕಾರಿ ಖರೀದಿಗೆಂದು 1999ರ ಪಾರದರ್ಶಕತೆ ಕಾಯ್ದೆ ಇದೆ, ಎಲ್ಲರೂ ಕೆಟಿಪಿಪಿ ಅನ್ನುವುದು ಅದನ್ನೇ. 13ನೇ ಕಲಮಿನಡಿ ಟೆಂಡರ್ ಒಪ್ಪಿದ ಆದೇಶದಿಂದ ನೊಂದವರು 16ನೇ ಕಲಮಿನಡಿ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಮೇಲ್ಮನವಿ ಕೇಳುವವರು ಸರ್ಕಾರದ ಒಳಗಿನ ಅಧಿಕಾರಿಯೇ. ಆ ಕಲಮಿನಲ್ಲಿ ಗೆದ್ದವರಿಗೆ ಖರ್ಚು ಕೊಡುವ ಮಾತೇ ಇಲ್ಲ.

ಹೈಕೋರ್ಟಿಗೆ ರಿಟ್ ಹಾಕಿದರೆ? ಸುಪ್ರೀಂ ಕೋರ್ಟ್ 1994ರ ಟಾಟಾ ಸೆಲ್ಯುಲರ್ ತೀರ್ಪಿನಿಂದ ಹಿಡಿದು ಇಲ್ಲಿಯವರೆಗೆ ಹೇಳಿಕೊಂಡು ಬಂದಿರುವುದು ಒಂದೇ: ನ್ಯಾಯಾಲಯ ನೋಡುವುದು ನಿರ್ಧಾರ ತೆಗೆದುಕೊಂಡ ಬಗೆಯನ್ನು, ನಿರ್ಧಾರವನ್ನಲ್ಲ. 2006ರ ಜಗದೀಶ್ ಮಂಡಲ್ ತೀರ್ಪಿನಲ್ಲಿ, ಅನ್ಯಾಯವಾಯಿತೆನ್ನುವ ಟೆಂಡರುದಾರ ಸಿವಿಲ್ ಕೋರ್ಟಿನಲ್ಲಿ ನಷ್ಟ ಪರಿಹಾರ ಕೇಳಬಹುದು ಎಂದಿತು. 2022ರಲ್ಲಿ ಜಾರ್ಖಂಡ್‌ನ ರಸ್ತೆ ಕಾಮಗಾರಿಯೊಂದರ ಪ್ರಕರಣದಲ್ಲಿ, ಎನ್.ಜಿ. ಪ್ರಾಜೆಕ್ಟ್ಸ್ ತೀರ್ಪು, ಇನ್ನೂ ಮುಂದೆ ಹೋಯಿತು: ತಪ್ಪು ಕಂಡರೂ ಕಾಮಗಾರಿಗೆ ತಡೆ ಕೊಡುವ ಬದಲು ನಷ್ಟ ಪರಿಹಾರದ ದಾರಿಗೆ ಕಳಿಸಿ ಎಂದಿತು. 2018ರಲ್ಲೇ ನಿರ್ದಿಷ್ಟ ಪರಿಹಾರ ಕಾಯ್ದೆಗೆ 20ಎ ಕಲಂ ಸೇರಿಸಿ ಮೂಲಸೌಕರ್ಯ ಯೋಜನೆಗಳಿಗೆ ತಡೆಯಾಜ್ಞೆ ಕೊಡುವುದನ್ನು ನಿರ್ಬಂಧಿಸಿದ್ದರು.

ರಸ್ತೆ ನಿಲ್ಲಬಾರದು ಎಂಬ ಕಾಳಜಿಯನ್ನು ನಾನು ತಳ್ಳಿಹಾಕುವುದಿಲ್ಲ. ಹಳ್ಳಿಯ ಜನ ಗುತ್ತಿಗೆದಾರರ ಜಗಳದಲ್ಲಿ ಮಳೆಗಾಲ ಕಳೆಯಬಾರದು. ಆದರೆ ತಡೆಯಾಜ್ಞೆಯ ಬಾಗಿಲನ್ನು ಕಿರಿದು ಮಾಡಿದ ಮೇಲೆ ನಷ್ಟದ ಬಾಗಿಲು ತೆರೆದಿರಬೇಕಲ್ಲವೇ? ಸಿವಿಲ್ ದಾವೆ ಎಂದರೆ ಕೋರ್ಟ್ ಫೀ, ಸಾಕ್ಷಿ, ವರ್ಷಗಟ್ಟಲೆ ಓಡಾಟ. ಖರ್ಚನ್ನು ಗೆದ್ದವರಿಗೆ ಕೊಡಿಸುವ 35ನೇ ಕಲಂ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಇದೆ. ಹುಸಿ ದಾವೆಗಳಿಗೆಂದು ಇಟ್ಟ 35ಎ ಕಲಮಿನ ಮಿತಿ 3,000 ರೂಪಾಯಿ. ಇವತ್ತು ಒಬ್ಬ ಹಿರಿಯ ವಕೀಲರ ಮುಂದೆ ಅರ್ಧ ಗಂಟೆ ಕೂರಲೂ ಅದು ಸಾಲದು. ವಾಸ್ತವಿಕ ಖರ್ಚು ಕೊಡಿಸಿ ಎಂದು ಸುಪ್ರೀಂ ಕೋರ್ಟ್ 2005ರ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಹೇಳಿದೆ. ನಮ್ಮ ನ್ಯಾಯಾಲಯಗಳ ಬಹುಪಾಲು ಆದೇಶಗಳು ಇನ್ನೂ ‘ಖರ್ಚಿನ ಬಗ್ಗೆ ಆದೇಶವಿಲ್ಲ’ ಎಂಬ ಸಾಲಿನಿಂದಲೇ ಮುಗಿಯುತ್ತವೆ.

ವಿಶ್ವ ವಾಣಿಜ್ಯ ಸಂಸ್ಥೆಯ ಸರ್ಕಾರಿ ಖರೀದಿ ಒಪ್ಪಂದ ಇದೆಯಲ್ಲ, ಅದರ 18ನೇ ವಿಧಿ ಸದಸ್ಯ ದೇಶಗಳಿಗೆ ಹೇಳುವುದು ಇದನ್ನೇ: ತಪ್ಪಾಗಿದ್ದರೆ ಸರಿಪಡಿಸಿ, ಇಲ್ಲವೇ ಪರಿಹಾರ ಕೊಡಿ. ಆ ಪರಿಹಾರವನ್ನು ಟೆಂಡರ್ ತಯಾರಿಯ ಖರ್ಚು, ತಕರಾರಿನ ಖರ್ಚು, ಅಥವಾ ಎರಡಕ್ಕೂ ಸೀಮಿತಗೊಳಿಸಲು ಅದು ಅವಕಾಶ ಕೊಡುತ್ತದೆ. ಭಾರತ 2010ರಿಂದ ಅಲ್ಲಿ ವೀಕ್ಷಕ ಮಾತ್ರ, ಸದಸ್ಯನಲ್ಲ. ಸದಸ್ಯತ್ವದ ವಾದ ಬೇರೆ, ಅದಕ್ಕೆ ಬೇರೆ ಕಾರಣಗಳಿವೆ. ಖರ್ಚು ಕೊಡುವ ಒಂದು ಉಪಕಲಂ ಸೇರಿಸಲು ನಮ್ಮ ವಿಧಾನಸಭೆಗೆ ಜಿನೀವಾದ ಅಪ್ಪಣೆ ಬೇಕಾಗಿಲ್ಲ.

ನಿವೃತ್ತ ಎಇಇ, ಮೈಸೂರು

ಮೇಡಂ, ಒಪ್ಪಿದೆ. ಆದರೆ ನಮ್ಮಲ್ಲಿ ಖರ್ಚು ಕೊಡುವ ನಿಯಮ ಬಂದರೆ ತಕರಾರು ಹಾಕುವುದನ್ನೇ ಕಸುಬು ಮಾಡಿಕೊಳ್ಳುವವರು ಹುಟ್ಟುವುದಿಲ್ಲವೇ? ನನ್ನ ಸರ್ವೀಸಿನಲ್ಲಿ ಟೆಂಡರ್ ಕರೆದ ಪ್ರತಿ ಸಲವೂ ಒಂದು ಅರ್ಜಿ ಬರುತ್ತಿತ್ತು. ಕೆಲಸ ಬೇಕಾಗಿರಲಿಲ್ಲ ಅವರಿಗೆ, ರಾಜಿಯ ದುಡ್ಡು ಬೇಕಿತ್ತು.

ವಕೀಲೆ, ಬೆಂಗಳೂರು

ಸರ್, ಗೆದ್ದವರಿಗೆ ಮಾತ್ರ, ಅದೂ ರಸೀದಿ ತೋರಿಸಿದಷ್ಟು ಮಾತ್ರ ಸಿಗುವ ದುಡ್ಡಿನಿಂದ ಕಸುಬು ನಡೆಯುವುದಿಲ್ಲ. ಕೈಯಿಂದ ಹಾಕಿದ್ದು ಪೂರ್ತಿ ಬಂದರೆ ಅದೇ ಹೆಚ್ಚು. ರಾಜಿಯ ದುಡ್ಡಿಗೆ ಕಾಯುವವನು ಕಡತ ಬೇಗ ತೀರ್ಮಾನವಾಗಬಾರದು ಎಂದು ಬಯಸುತ್ತಾನೆ. 30ನೇ ದಿನದ ಗೆರೆ ಅವನಿಗೂ ಪೆಟ್ಟೇ.

ಟೆಕ್ಸಾಸ್ ಕನ್ನಡಿಗ

ನಾನು ದೊಡ್ಡ ರಕ್ಷಣಾ ಕಂಪನಿಯೊಂದರ ಕಾಂಟ್ರಾಕ್ಟ್ಸ್ ವಿಭಾಗದಲ್ಲಿದ್ದೇನೆ. ನಿವೃತ್ತ ಎಇಇ ಅವರ ಪ್ರಶ್ನೆಯನ್ನೇ ಅಮೆರಿಕದ ಸಂಸತ್ತೂ ಕೇಳಿದೆ, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ಅದನ್ನು ತಿರುಗಿಸಿ ಕೇಳಿದರು: ತಕರಾರು ಸೋತವರಿಂದ ಸರ್ಕಾರದ ಖರ್ಚು ವಸೂಲಿ ಮಾಡಿದರೆ ಹೇಗೆ?

ರಕ್ಷಣಾ ಇಲಾಖೆಗೆಂದು ಸಂಸತ್ತು ಪ್ರತಿ ವರ್ಷ ಮಾಡುವ ಕಾಯ್ದೆಯ 2018ನೇ ಸಾಲಿನದರ 827ನೇ ಕಲಂ ಒಂದು ಪ್ರಯೋಗ ಹೇಳಿತ್ತು. ವರ್ಷಕ್ಕೆ 25 ಕೋಟಿ ಡಾಲರ್‌ಗಿಂತ ಹೆಚ್ಚು ವರಮಾನವಿರುವ ಕಂಪನಿ, ರಕ್ಷಣಾ ಇಲಾಖೆಯ ಮೇಲೆ ಹಾಕಿದ ತಕರಾರು ತಿರಸ್ಕೃತವಾದರೆ ಇಲಾಖೆಯ ಖರ್ಚು ಭರಿಸಬೇಕು. ಅದು ಜಾರಿಯಾಗಲೇ ಇಲ್ಲ. 2021ನೇ ಸಾಲಿನ ಕಾಯ್ದೆ ಅದನ್ನು ತೆಗೆದುಹಾಕಿತು. ಆದರೆ ವಿಚಾರ ಸಾಯಲಿಲ್ಲ. 2024ರ ಡಿಸೆಂಬರ್‌ನಲ್ಲಿ ಸಹಿಯಾದ 2025ನೇ ಸಾಲಿನ ಕಾಯ್ದೆಯ 885ನೇ ಕಲಂ, ಸೋತವರಿಂದ ಖರ್ಚು ವಸೂಲಿ ಮಾಡುವ ಬಗ್ಗೆ ಪ್ರಸ್ತಾವ ಕೊಡಿ ಎಂದು ಜಿಎಒಗೆ ಮತ್ತೆ ಕೇಳಿತು. ಈಗಿರುವ ವಿಧಾನವೇ ಹುರುಳಿಲ್ಲದ ತಕರಾರುಗಳನ್ನು ಬೇಗ ತೆಗೆದುಹಾಕುತ್ತದೆ ಎಂಬುದು 2025ರಲ್ಲಿ ಜಿಎಒ ತಳೆದ ನಿಲುವು.

ನಾನು ದೊಡ್ಡ ಕಂಪನಿಯಲ್ಲಿದ್ದರೂ ಜಿಎಒ ಪರವಾಗಿಯೇ ಇದ್ದೇನೆ. ಅಂಕಿ ನೋಡಿ. 2024ರ ಹಣಕಾಸು ವರ್ಷದಲ್ಲಿ ಜಿಎಒಗೆ ಬಂದ ಪ್ರಕರಣ 1,803. ತೀರ್ಪು ಬರೆದವುಗಳಲ್ಲಿ ತಕರಾರುದಾರರು ಗೆದ್ದದ್ದು ಶೇ. 16. ಇಷ್ಟನ್ನೇ ಓದಿದವರು ‘ನೋಡಿ, ಮುಕ್ಕಾಲು ಪಾಲು ಸುಳ್ಳು ತಕರಾರು’ ಅನ್ನುತ್ತಾರೆ. ಆದರೆ ತೀರ್ಪಿನಿಂದಲೋ ಇಲಾಖೆ ತಾನಾಗಿ ಸರಿಪಡಿಸಿಕೊಂಡೋ ಏನಾದರೂ ಪರಿಹಾರ ಸಿಕ್ಕ ಪ್ರಮಾಣ ಶೇ. 52. ಪೊಟೋಮ್ಯಾಕ್ ಅವರ ಕಡತ ಎಣಿಕೆಯಾಗುವುದು ಈ 52ರ ಥರದ ಲೆಕ್ಕದಲ್ಲೇ ಹೊರತು 16ರಲ್ಲಿ ಅಲ್ಲ. ಅರ್ಧದಷ್ಟು ಸಲ ಇಲಾಖೆಯೇ ಹಿಂದೆ ಸರಿಯುತ್ತಿರುವಾಗ ತಕರಾರು ಹಾಕುವವರನ್ನು ದಂಡದಿಂದ ಹೆದರಿಸುವುದು ತಪ್ಪು. ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ 2018ರಲ್ಲಿ ರಕ್ಷಣಾ ಖರೀದಿಗಳನ್ನು ಅಧ್ಯಯನ ಮಾಡಿದಾಗ ತಕರಾರು ಬಂದ ಕಾಂಟ್ರಾಕ್ಟ್‌ಗಳು ಶೇ. 0.3ಕ್ಕಿಂತಲೂ ಕಡಿಮೆ ಎಂದು ಕಂಡುಬಂತು. ತಕರಾರಿನ ಪ್ರವಾಹವೇನೂ ಬಂದಿಲ್ಲ.

ಇನ್ನೊಂದು. ನಮ್ಮಂಥ ದೊಡ್ಡ ಕಂಪನಿ ಗೆದ್ದರೂ ವಕೀಲರ ಫೀ ಗಂಟೆಗೆ 150 ಡಾಲರ್ ಮಿತಿಯಲ್ಲೇ ಸಿಗುತ್ತದೆ. ಜೀವನವೆಚ್ಚದ ಏರಿಕೆ ತೋರಿಸಿ ಅದನ್ನು ಹೆಚ್ಚಿಸಿಕೊಳ್ಳಬಹುದು, ಆದರೂ ವಾಷಿಂಗ್ಟನ್ ವಕೀಲರ ನಿಜವಾದ ದರದ ಹತ್ತಿರವೂ ಬರುವುದಿಲ್ಲ. ಸಣ್ಣ ಉದ್ಯಮಕ್ಕೆ ಈ ಮಿತಿ ಇಲ್ಲ. ದರ ನ್ಯಾಯಯುತವಾಗಿದ್ದರೆ ಸಾಕು. ಈ ವ್ಯತ್ಯಾಸ ಸರಿಯಾಗಿಯೇ ಇದೆ ಅನ್ನುವುದು ನನ್ನ ಅಭಿಪ್ರಾಯ, ನಮ್ಮ ಬಾಸ್ ಓದದಿದ್ದರೆ ಒಳ್ಳೆಯದು ಅಂತಲೂ ಅಲ್ಲ, ಅವರ ಮುಂದೆಯೂ ಹೇಳಿದ್ದೇನೆ.

ಪೊಟೋಮ್ಯಾಕ್ ದಂಡೆ

ಎಲ್ಲರಿಗೂ ತುಂಬಾ ಧನ್ಯವಾದ. ವಕೀಲರ ಜೊತೆ ಮಾತಾಡಿದೆ. ಗಡುವು ಇನ್ನೂ ಇದೆ, ಕೋರಿಕೆ ಈ ವಾರವೇ ಹೋಗುತ್ತದೆ. ಭಾವನೂ ಒಪ್ಪಿದ.

ಎರಡು ಅನುಮಾನ ಉಳಿದಿವೆ. ನಮ್ಮ ತಕರಾರಿನಲ್ಲಿ ಮೂರು ವಾದಗಳಿದ್ದವು: ಹೇಳದ ಮಾನದಂಡ, ನಮ್ಮ ಹಳೆಯ ಕೆಲಸಗಳಿಗೆ ಕೊಟ್ಟ ಅಂಕ, ಗೆದ್ದ ಕಂಪನಿಗಿರುವ ಹಿತಾಸಕ್ತಿಯ ಸಂಘರ್ಷ. ಫೋನಿನಲ್ಲಿ ಜಿಎಒ ವಕೀಲರು ಹುರುಳಿದೆ ಎಂದದ್ದು ಮೊದಲನೆಯದರ ಬಗ್ಗೆ ಮಾತ್ರ. ಹಾಗಾದರೆ ಮೂರನೇ ಒಂದು ಭಾಗವೇ ಸಿಗುವುದಾ?

ಎರಡನೆಯದು, ನಾನೂ ಭಾವನೂ ರಾತ್ರಿ ಹಗಲು ಕೂತು ಮಾಡಿದ ಕೆಲಸಕ್ಕೆ ಬೆಲೆ ಕಟ್ಟಬಹುದಾ?

ಬಾಲ್ಟಿಮೋರ್ ಅಕ್ಕ

ಮೂರರಲ್ಲಿ ಒಂದು ಅಂತ ಗಣಿತ ಮಾಡುವುದಿಲ್ಲ ಅವರು. ಸಾಮಾನ್ಯವಾಗಿ ಇಡೀ ತಕರಾರಿನ ಖರ್ಚನ್ನೇ ಕೊಡಿ ಎನ್ನುತ್ತಾರೆ. ಆದರೆ ಸೋತ ವಾದ ಗೆದ್ದ ವಾದದಿಂದ ಪೂರ್ತಿ ಬೇರೆಯಾಗಿ ನಿಲ್ಲುವಂತಿದ್ದರೆ, ಬೇರೆ ಸಂಗತಿ, ಬೇರೆ ಕಾನೂನು, ಬೇರೆ ದಾಖಲೆ ಆಗಿದ್ದರೆ, ಅದನ್ನು ಕಳೆಯುತ್ತಾರೆ. ನಿನ್ನ ಮೊದಲ ಎರಡು ವಾದಗಳು ಒಂದೇ ಮೌಲ್ಯಮಾಪನ ವರದಿಯಿಂದ ಹುಟ್ಟಿದವು, ಒಂದಕ್ಕೊಂದು ಹೆಣೆದುಕೊಂಡಿವೆ ಎಂದು ಗಟ್ಟಿಯಾಗಿ ವಾದಿಸಬಹುದು. ಹಿತಾಸಕ್ತಿಯ ಸಂಘರ್ಷ ಬೇರೆಯೇ ಕತೆ, ಅದರ ಪಾಲು ಹೋಗುವ ಸಾಧ್ಯತೆ ಇದೆ, ಮನಸ್ಸು ಗಟ್ಟಿ ಮಾಡಿಕೋ. ಆ ವಾದವನ್ನು ಮೊದಲ ಅರ್ಜಿಯಲ್ಲಲ್ಲದೆ ಪೂರಕ ಅರ್ಜಿಯಲ್ಲಿ ಎತ್ತಿದ್ದರೆ ಅದರ ತಡದ ಲೆಕ್ಕವೂ ಬೇರೆಯಾಗುತ್ತದೆ, ಪೂರಕ ವರದಿಯ ಗಡುವಿನಿಂದ ನೋಡುತ್ತಾರೆ.

ನಿಮ್ಮಿಬ್ಬರ ದುಡಿಮೆಗೂ ಸಿಗುತ್ತದೆ. ಆದರೆ ಗಿರಾಕಿಗೆ ಹಾಕುವ ದರದಲ್ಲಿ ಅಲ್ಲ. ನಿಜವಾಗಿ ಕೊಡುತ್ತಿರುವ ಸಂಬಳ, ಅದರ ಮೇಲೆ ಸೌಲಭ್ಯ ಮತ್ತು ಓವರ್‌ಹೆಡ್. ಲಾಭ ಸೇರಿಸುವ ಹಾಗಿಲ್ಲ. ಡಿಬ್ರೀಫಿಂಗ್‌ಗೆ ಹೋದ ಗಂಟೆಗಳನ್ನು ಸೇರಿಸಬೇಡ, ಅದು ತಕರಾರಿನ ಖರ್ಚಲ್ಲ.

ಲೆಕ್ಕ ಹೇಗೆ ಬರೆಯಬೇಕು ಅಂದರೆ: ಯಾವ ದಿನ, ಯಾರು, ಎಷ್ಟು ಹೊತ್ತು, ಏನು ಕೆಲಸ. ‘ಪ್ರೊಟೆಸ್ಟ್ ಕೆಲಸ, ಇಡೀ ದಿನ’ ಎಂಬಂಥ ಸಾಲನ್ನು ಇಲಾಖೆ ಹೊಡೆದುಹಾಕುತ್ತದೆ, ಜಿಎಒ ಕೂಡ ನಿನ್ನ ಪರ ನಿಲ್ಲುವುದಿಲ್ಲ. ವಕೀಲರ ಬಿಲ್‌ನಲ್ಲೂ ಹಾಗೆಯೇ, ಒಂದೇ ಸಾಲಿನಲ್ಲಿ ನಾಲ್ಕು ಕೆಲಸ ತುರುಕಿದ್ದರೆ ಬಿಡಿಸಿಕೊಡಲು ಹೇಳು.

ಜಿಎಒ ‘ಕೊಡಿ’ ಎಂದ ಮೇಲೆ ಇನ್ನೊಂದು ಗಡುವು ಶುರುವಾಗುತ್ತದೆ. ಆ ಶಿಫಾರಸು ಕೈಗೆ ಬಂದ 60 ದಿನದೊಳಗೆ, ದೃಢೀಕರಿಸಿದ ವಿವರವಾದ ಲೆಕ್ಕವನ್ನು ಇಲಾಖೆಗೆ ಸಲ್ಲಿಸಬೇಕು. ತಪ್ಪಿದರೆ ಪೂರ್ತಿ ಹಕ್ಕು ಹೋಗುತ್ತದೆ, ಕ್ಷಮೆಯಿಲ್ಲ. ಅರ್ಧಂಬರ್ಧ ಲೆಕ್ಕ ಕೊಟ್ಟು ‘ದಾಖಲೆ ಆಮೇಲೆ’ ಅನ್ನುವುದೂ ನಡೆಯುವುದಿಲ್ಲ.

ತುಂಗಭದ್ರಾ ಕಡೆಯಾಂವ

ಅಕ್ಕಾರ, ಇಷ್ಟೆಲ್ಲ ವಕೀಲರು ಯಾಕ ಬೇಕು? ನಾವ ನೆಟ್ಟಗ ಅರ್ಜಿ ಹಾಕಿದ್ರ ಆಗಂಗಿಲ್ಲೇನು?

ಹಿಂದೆ ಆ ಕಡೆ ಕೂತಿದ್ದವ

ಹಾಕಬಹುದು, ಜಿಎಒ ವಕೀಲರೇ ಬೇಕೆಂದು ಹೇಳುವುದಿಲ್ಲ. 2018ರಲ್ಲಿ ಆನ್‌ಲೈನ್ ವ್ಯವಸ್ಥೆ ಬಂದಾಗ ಅರ್ಜಿ ಶುಲ್ಕ 350 ಡಾಲರ್ ಇಟ್ಟರು, ಅಷ್ಟೇ. ತೊಡಕು ಬೇರೆ ಕಡೆ ಇದೆ. ಇಲಾಖೆಯ ವರದಿಯಲ್ಲಿ ಎದುರಾಳಿಯ ದರ, ತಾಂತ್ರಿಕ ಗುಟ್ಟು ಎಲ್ಲ ಇರುತ್ತವೆ. ಅದನ್ನು ನೋಡಲು ‘ಪ್ರೊಟೆಕ್ಟಿವ್ ಆರ್ಡರ್’ ಕೆಳಗೆ ಒಪ್ಪಿಗೆ ಪಡೆದ ವಕೀಲರಿಗೆ, ತಜ್ಞರಿಗೆ ಮಾತ್ರ ಅವಕಾಶ. ಕಂಪನಿ ಮಾಲೀಕರು ತಮ್ಮದೇ ತಕರಾರಿನ ಮುಖ್ಯ ಪುಟಗಳನ್ನು ಕಪ್ಪು ಬಳಿದ ರೂಪದಲ್ಲಿ ಓದಬೇಕಾಗುತ್ತದೆ. ವಕೀಲರಿಲ್ಲದೆ ಗೆಲ್ಲುವುದು ಕಷ್ಟ ಎಂಬುದು ಇದಕ್ಕೇ. ನಿಯಮವೇ ವಕೀಲರನ್ನು ಅನಿವಾರ್ಯ ಮಾಡಿರುವಾಗ ಅವರ ಫೀ ವಾಪಸ್ ಕೊಡಿಸುವ ಹೊಣೆಯೂ ಅದೇ ನಿಯಮಕ್ಕೆ ಇರಬೇಕು.

ವಕೀಲೆ, ಬೆಂಗಳೂರು

ಜಿಎಒ ಬಿಟ್ಟು ಅಲ್ಲಿನ ಕೋರ್ಟಿಗೆ ಹೋದರೆ ಖರ್ಚಿನ ಕತೆ ಏನು?

ಟೆಕ್ಸಾಸ್ ಕನ್ನಡಿಗ

ಫೆಡರಲ್ ಸರ್ಕಾರದ ಮೇಲಿನ ದಾವೆಗಳನ್ನು ಕೇಳುವ ಕೋರ್ಟ್ ಆಫ್ ಫೆಡರಲ್ ಕ್ಲೇಮ್ಸ್‌ಗೆ ಹೋಗಬಹುದು. ತಡೆಯಾಜ್ಞೆ ಕೊಡುವ ಅಧಿಕಾರ ಅದಕ್ಕಿದೆ, ಆದರೆ ದುಡ್ಡಿನ ರೂಪದಲ್ಲಿ ಪ್ರಪೋಸಲ್ ತಯಾರಿಯ ಖರ್ಚನ್ನಷ್ಟೇ ಕೊಡಿಸಬಹುದು. ವಕೀಲರ ಫೀ ಬೇಕಾದರೆ ಈಕ್ವಲ್ ಆಕ್ಸೆಸ್ ಟು ಜಸ್ಟಿಸ್ ಆ್ಯಕ್ಟ್ ಮೂಲಕ ಕೇಳಬೇಕು. ಕಂಪನಿಯ ನಿವ್ವಳ ಆಸ್ತಿ 70 ಲಕ್ಷ ಡಾಲರ್ ಮೀರಬಾರದು, ನೌಕರರು 500 ದಾಟಬಾರದು. ಮೂಲ ದರ ಗಂಟೆಗೆ 125 ಡಾಲರ್, ಅದರ ಮೇಲೆ ಜೀವನವೆಚ್ಚದ ಹೊಂದಾಣಿಕೆ. ಅದರ ಮೇಲೂ, ಸರ್ಕಾರದ ನಿಲುವಿಗೆ ಸಾಕಷ್ಟು ಸಮರ್ಥನೆ ಇತ್ತು ಎಂದು ಕೋರ್ಟಿಗೆ ಅನ್ನಿಸಿದರೆ ನೀವು ಗೆದ್ದಿದ್ದರೂ ಫೀ ಇಲ್ಲ. ಸಣ್ಣವರಿಗೆ ಜಿಎಒ ದಾರಿಯೇ ಹೆಚ್ಚು ಅನುಕೂಲ.

ಇನ್ನೊಂದು ವಿಷಯ ಎಲ್ಲರಿಗೂ ಗೊತ್ತಿರಲಿ. ಗೆದ್ದ ಕಂಪನಿ ತನ್ನ ಪ್ರಪೋಸಲ್‌ನಲ್ಲಿ ಬೇಕೆಂತಲೇ ಅಥವಾ ನಿರ್ಲಕ್ಷ್ಯದಿಂದ ಸುಳ್ಳು ವಿವರ ಕೊಟ್ಟು, ಆ ಕಾರಣಕ್ಕೇ ತಕರಾರು ಎತ್ತಿಹಿಡಿಯಲ್ಪಟ್ಟರೆ, ಇಲಾಖೆ ತಾನು ತೆತ್ತ ಖರ್ಚನ್ನು ಆ ಕಂಪನಿಯಿಂದಲೇ ವಸೂಲಿ ಮಾಡಬಹುದು. ಖರೀದಿ ನಿಯಮಗಳಲ್ಲೇ ಇದೆ.

ತುಂಗಭದ್ರಾ ಕಡೆಯಾಂವ

ಈ ಕೊನೀದನ್ನ ನಮ್ಮಲ್ಲಿ ಮೊದಲು ತರಬೇಕ್ರಿ. ಸುಳ್ಳು ವರ್ಕ್‌ಡನ್ ಸರ್ಟಿಫಿಕೇಟ್ ಕೊಟ್ಟು ಟೆಂಡರ್ ಹೊಡೆದಾಂವ ಸಿಕ್ಕಿಬಿದ್ರ, ತಕರಾರು ಹಾಕಿದಾಂವನ ಖರ್ಚು ಅವನ ಠೇವಣಿಯಿಂದನ ಮುರಕೊಳ್ಳಲಿ. ಸರ್ಕಾರದ ಬೊಕ್ಕಸಕ್ಕೂ ಭಾರ ಇಲ್ಲ. ವಕೀಲ ಅಕ್ಕಾರ, ಇದನ್ನ ಬರದು ಕೊಟ್ರ ನಮ್ಮ ಗುತ್ತಿಗೆದಾರರ ಸಂಘದಾಗ ನಾನ ಠರಾವಿಗೆ ಇಡತೀನಿ.

ವಕೀಲೆ, ಬೆಂಗಳೂರು

ಬರೆದು ಕೊಡುತ್ತೇನೆ. ಎರಡು ಉಪಕಲಂ ಸಾಕು: 16ನೇ ಕಲಮಿನ ಮೇಲ್ಮನವಿಯಲ್ಲಿ ಗೆದ್ದವರಿಗೆ ಮಿತಿಯೊಳಗೆ ರಸೀದಿ ಸಮೇತ ಖರ್ಚು, ಮತ್ತು ಸುಳ್ಳು ದಾಖಲೆ ಸಾಬೀತಾದರೆ ಆ ಖರ್ಚನ್ನು ಅದನ್ನು ಸಲ್ಲಿಸಿದವರ ಠೇವಣಿಯಿಂದ ವಸೂಲಿ. ಇಲಾಖೆ ಮೊದಲ ವಿಚಾರಣೆಗೆ ಮುಂಚೆಯೇ ತಪ್ಪೊಪ್ಪಿ ಸರಿಪಡಿಸಿದರೆ ಖರ್ಚಿನಿಂದ ವಿನಾಯಿತಿ ಎಂಬುದನ್ನೂ ಸೇರಿಸುತ್ತೇನೆ, ಅಧಿಕಾರಿಗಳು ವಿರೋಧಿಸಲು ಕಾರಣ ಕಡಿಮೆಯಾಗುತ್ತದೆ.

ಪೊಟೋಮ್ಯಾಕ್ ದಂಡೆ

ಅಕ್ಕ, ಕೊನೆಯ ಪ್ರಶ್ನೆ. ಲೆಕ್ಕ ಕೊಟ್ಟ ಮೇಲೂ ಇಲಾಖೆ ‘ಇಷ್ಟು ಹೆಚ್ಚಾಯಿತು’ ಎಂದು ಚೌಕಾಸಿಗೆ ಇಳಿದರೆ?

ಬಾಲ್ಟಿಮೋರ್ ಅಕ್ಕ

ಇಳಿಯುತ್ತಾರೆ, ಎಲ್ಲರೂ ಇಳಿಯುತ್ತಾರೆ. ಅವರು ಒಪ್ಪುವಷ್ಟಕ್ಕೂ ನೀನು ಕೇಳುವುದಕ್ಕೂ ಅಂತರ ಚಿಕ್ಕದಿದ್ದರೆ ಒಪ್ಪಿಕೊಂಡು ಮುಗಿಸು. ದೊಡ್ಡದಿದ್ದರೆ, ಅಥವಾ ತಿಂಗಳುಗಟ್ಟಲೆ ಉತ್ತರವೇ ಬರದಿದ್ದರೆ, ಮೊತ್ತ ಎಷ್ಟೆಂದು ನೀವೇ ಶಿಫಾರಸು ಮಾಡಿ ಎಂದು ಜಿಎಒಗೆ ಮತ್ತೆ ಹೋಗಬಹುದು. ಹಾಗೆ ಅಲ್ಲಿ ನಡೆಸಿದ ಎರಡನೇ ಸುತ್ತಿನ ಖರ್ಚನ್ನೂ ಕೊಡಿಸುವ ಅಧಿಕಾರ ಅವರಿಗಿದೆ, ಆದ್ದರಿಂದ ಆ ಗಂಟೆಗಳನ್ನು ಬೇರೆ ಹಾಳೆಯಲ್ಲಿ ಬರೆದಿಡು. ಹಾಳೆಯ ನಮೂನೆ ನನ್ನ ಹತ್ತಿರ ಇದೆ, ಸಂಜೆ ಕಳಿಸುತ್ತೇನೆ.